ಗ್ರೀಸಿನ ದ್ವೀಪಗಳಿಗೆ ಹಡಗು ಹತ್ತುವ ಮುನ್ನ

"ಎಂಟು ದಿನ ಇದೆ. ಸ್ಯಾಂಟೊರಿನಿ, ಮೈಕೊನೊಸ್, ಕ್ರೀಟ್, ಕಾರ್ಫು, ನಾಲ್ಕೂ ನೋಡಿಕೊಂಡು ಬರಬಹುದಾ?" ಗ್ರೀಸಿಗೆ ಹೊರಟವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಇದೇ ಇರುತ್ತದೆ. ಆಗಲ್ಲ. ಕಾರ್ಫು ಇರುವುದು ದೇಶದ ಪಶ್ಚಿಮಕ್ಕೆ, ಅಯೋನಿಯನ್ ಸಮುದ್ರದಲ್ಲಿ. ಅಲ್ಲಿಗೆ ಹಡಗು ಹೊರಡುವುದು ಇಗುಮೆನಿತ್ಸಾ ಎಂಬ ಬೇರೆಯದೇ ಬಂದರಿನಿಂದ. ಉಳಿದ ಮೂರು ಇರುವುದು ಪೂರ್ವದ ಕಡೆ, ಏಜಿಯನ್ ಸಮುದ್ರದಲ್ಲಿ. ನಡುವೆ ಅಷ್ಟಗಲದ ಗ್ರೀಸ್ ದೇಶವೇ ಬಿದ್ದಿದೆ.

ಹಾಗಾಗಿ ಹೋಟೆಲ್, ಟಿಕೆಟ್ ಎಲ್ಲ ಆಮೇಲೆ. ಮೊದಲು ಮ್ಯಾಪ್ ತೆಗೆಯಿರಿ. ಗ್ರೀಸಿನ ದ್ವೀಪಗಳು ಗುಂಪು ಗುಂಪಾಗಿವೆ, ಹಡಗುಗಳು ಓಡಾಡುವುದೂ ಜಾಸ್ತಿ ಆ ಗುಂಪಿನ ಒಳಗೇ. ಅಥೆನ್ಸಿಗೆ ತೀರಾ ಹತ್ತಿರ ಇರುವುದು ಸರೋನಿಕ್ ಗುಂಪು, ಈಜಿನಾ, ಪೋರೋಸ್, ಹೈಡ್ರಾ ಎಲ್ಲ ಅದರಲ್ಲಿ ಬರುತ್ತವೆ, ಒಂದೇ ದಿನದಲ್ಲಿ ಹೋಗಿ ಬರಬಹುದು. ನಡುವಿನದು ಸೈಕ್ಲೇಡ್ಸ್: ಪಾರೋಸ್, ನಾಕ್ಸೋಸ್, ಮೈಕೊನೊಸ್, ಸ್ಯಾಂಟೊರಿನಿ, ಮಿಲೋಸ್. ಬಿಳಿ ಮನೆ, ನೀಲಿ ಗುಮ್ಮಟ ಅಂತ ನಾವು ಫೋಟೋದಲ್ಲಿ ನೋಡುವುದು ಇವನ್ನೇ. ಟರ್ಕಿಯ ಅಂಚಿಗೆ ರೋಡ್ಸ್, ಕೋಸ್ ಇರುವ ಡೊಡೆಕನೀಸ್. ಉತ್ತರಕ್ಕೆ ಸ್ಪೊರಾಡೀಸ್, ಅಲ್ಲಿಗೆ ಮುಖ್ಯವಾಗಿ ವೋಲೋಸ್ ಊರಿನಿಂದ ಹಡಗು. ಮೊದಲ ಸಲ ಹೋಗುವವರು ಒಂದೇ ಗುಂಪು ಹಿಡಿಯಿರಿ, ಅದರಲ್ಲಿ ಎರಡು ಅಥವಾ ಮೂರು ದ್ವೀಪ ಸಾಕು. ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವುದು ಎರಡು ಗಂಟೆಯ ಹಡಗೇ ಆಗಿದ್ದರೂ ರೂಮು ಖಾಲಿ ಮಾಡುವುದು, ಬಂದರಿಗೆ ಹೋಗುವುದು, ಕಾಯುವುದು, ಅಲ್ಲಿ ಇಳಿದು ಮತ್ತೆ ರೂಮು ಹುಡುಕುವುದು ಅಂತ ಅರ್ಧ ದಿನ ಹೋಗಿಯೇ ಹೋಗುತ್ತದೆ.

ನಾನು ಎರಡು ಸಲ ಹೋಗಿದ್ದು ಸೈಕ್ಲೇಡ್ಸ್‌ಗೆ. ಒಮ್ಮೆ ಗೆಳೆಯರ ಜೊತೆ, ಇನ್ನೊಮ್ಮೆ ಅಮ್ಮನನ್ನು ಕರೆದುಕೊಂಡು. ಅದಕ್ಕೇ ಮುಂದಿನ ಮಾತೆಲ್ಲ ಆ ಗುಂಪಿನದು.

ಹಡಗು ಓಡುವ ದಾರಿಯಲ್ಲೇ ನಿಮ್ಮ ಪ್ರವಾಸವೂ ಸಾಗಬೇಕು, ಇದೊಂದು ತಲೆಯಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಅಥೆನ್ಸಿನ ಪಿರೇಯಸ್ ಬಂದರಿನಿಂದ ಪಾರೋಸ್, ಅಲ್ಲಿಂದ ನಾಕ್ಸೋಸ್, ಆಮೇಲೆ ಸ್ಯಾಂಟೊರಿನಿ, ಇದು ದಿನವೂ ದೊಡ್ಡ ಹಡಗು ಓಡುವ ಹೆದ್ದಾರಿ. ಪಾರೋಸಿಗೆ ಸುಮಾರು ನಾಲ್ಕು ಗಂಟೆ. ಪಾರೋಸಿನಿಂದ ನಾಕ್ಸೋಸಿಗೆ ಒಂದು ಗಂಟೆಯೂ ಬೇಡ. ನಾಕ್ಸೋಸಿನಿಂದ ಸ್ಯಾಂಟೊರಿನಿಗೆ ಎರಡು ಗಂಟೆ ಚಿಲ್ಲರೆ. ಇದೇ ಸಾಲಿನಲ್ಲಿ ದ್ವೀಪಗಳನ್ನು ಆರಿಸಿಕೊಂಡರೆ ಯಾವ ತಲೆನೋವೂ ಇಲ್ಲ. ಸಾಲು ಬಿಟ್ಟು ಪಕ್ಕಕ್ಕೆ ಹಾರಲು ಹೊರಟರೆ, ಉದಾಹರಣೆಗೆ ಮಿಲೋಸಿನಿಂದ ನಾಕ್ಸೋಸಿಗೆ, ಎಲ್ಲ ಕಾಲದಲ್ಲೂ ದಿನವೂ ಹಡಗು ಸಿಗುವುದಿಲ್ಲ. ಮ್ಯಾಪಿನಲ್ಲಿ ಹತ್ತಿರ ಕಂಡಿದ್ದೆಲ್ಲ ಹಡಗಿಗೆ ಹತ್ತಿರ ಅಲ್ಲ.

ಇನ್ನೊಂದು ಮಾತು, ನನ್ನ ಮಟ್ಟಿಗೆ ಇದು ಬಹಳ ಮುಖ್ಯ. ದೂರದ ದ್ವೀಪಕ್ಕೆ ಮೊದಲು ಹೋಗಿ, ಹತ್ತಿರದ್ದಕ್ಕೆ ಆಮೇಲೆ ಬನ್ನಿ. ಅಂದರೆ ಅಥೆನ್ಸಿನಿಂದ ನೇರ ಸ್ಯಾಂಟೊರಿನಿಗೆ ವಿಮಾನದಲ್ಲೋ ಹಡಗಿನಲ್ಲೋ ಹೋಗಿಬಿಡಿ, ಅಲ್ಲಿಂದ ನಾಕ್ಸೋಸ್, ಪಾರೋಸ್ ಮಾಡಿಕೊಂಡು ಅಥೆನ್ಸಿನ ಕಡೆಗೆ ವಾಪಸ್ ಬನ್ನಿ. ಗಾಳಿ ಎದ್ದು ಹಡಗು ನಿಂತರೆ, ಪಾರೋಸಿನಲ್ಲಿ ಇರುವವರಿಗೆ ಅಥೆನ್ಸಿಗೆ ಹೋಗಲು ದಾರಿಗಳು ಹೆಚ್ಚು. ಪ್ರವಾಸದ ಕೊನೆಯ ದಿನ ಸ್ಯಾಂಟೊರಿನಿಯಲ್ಲಿ ಸಿಕ್ಕಿಕೊಂಡವರ ಪಾಡು ಅಷ್ಟು ಸುಲಭ ಅಲ್ಲ.

ಈಗ ಹಡಗಿನ ವಿಷಯ. ಎರಡು ಥರ ಇದೆ. ದೊಡ್ಡದು, ನಿಧಾನದ್ದು, ಹೊಟ್ಟೆಯೊಳಗೆ ಲಾರಿ, ಕಾರು, ಬಸ್ಸು ತುಂಬಿಕೊಂಡು ಹೋಗುವಂಥದ್ದು. ಇನ್ನೊಂದು ವೇಗದ್ದು, ಅದರಲ್ಲೂ ಸಣ್ಣವಾದರೆ ಹೆಚ್ಚಾಗಿ ಒಳಗೇ ಕೂತು ಹೋಗಬೇಕು. ಪಿರೇಯಸ್‌ನಿಂದ ಸ್ಯಾಂಟೊರಿನಿಗೆ ದೊಡ್ಡದು ಏಳೂವರೆ ಎಂಟು ಗಂಟೆ ತಗೊಳ್ಳುತ್ತದೆ, ವೇಗದ್ದು ಐದು ಗಂಟೆ ಆಸುಪಾಸು. ವೇಗದ್ದಕ್ಕೆ ದುಡ್ಡು ಒಂದೂವರೆ ಪಟ್ಟು, ಕೆಲವು ಸಲ ಎರಡು ಪಟ್ಟು. ನಾನಂತೂ ದೊಡ್ಡದನ್ನೇ ಹತ್ತಿ ಅಂತೀನಿ. ಈ ಸಾಲಿನಲ್ಲಿ ಓಡುವ ಬ್ಲೂ ಸ್ಟಾರ್ ಡೆಲೋಸ್ ಎಂಬ ಹಡಗು 145 ಮೀಟರ್ ಉದ್ದ ಇದೆ, ಸುಮಾರು 2,400 ಜನ ಹಿಡಿಸುತ್ತಾರೆ. ಅಂಥ ಹಡಗು ಅಲೆಗೆ ಅಷ್ಟು ಸುಲಭಕ್ಕೆ ಹೊಯ್ದಾಡುವುದಿಲ್ಲ, ಮೇಲೆ ಬಯಲಲ್ಲಿ ನಿಂತು ಸಮುದ್ರ ನೋಡಬಹುದು, ಮಕ್ಕಳು ಓಡಾಡಿಕೊಂಡು ಇರುತ್ತಾರೆ. ವೇಗದ್ದು ಗಾಳಿ ಇರುವ ದಿನ ಹೊಟ್ಟೆ ತೊಳಸಿ ಹಾಕುತ್ತದೆ. ಅದೂ ಅಲ್ಲದೆ ಗಾಳಿ ಜಾಸ್ತಿಯಾದಾಗ ಮೊದಲು ರದ್ದಾಗುವುದು ಅವೇ.

ಟಿಕೆಟ್ ಫೋನಿನಲ್ಲೇ ಸಿಗುತ್ತದೆ. ಫೆರಿಹಾಪರ್ ಥರದ ಆ್ಯಪ್‌ನಲ್ಲಿ ಹೆಚ್ಚಿನ ಕಂಪನಿಗಳ ಹಡಗೂ ಒಟ್ಟಿಗೆ ಕಾಣುತ್ತವೆ, ಅಲ್ಲಿ ನೋಡಿಕೊಂಡು ಬೇಕಿದ್ದರೆ ಕಂಪನಿಯ ಸೈಟಿನಲ್ಲೇ ಕೊಂಡುಕೊಳ್ಳಿ. ಜುಲೈ, ಆಗಸ್ಟ್ ಆದರೆ ಒಂದೆರಡು ತಿಂಗಳು ಮೊದಲೇ ತಗೊಳ್ಳಿ. ಮೇ, ಜೂನ್, ಸೆಪ್ಟೆಂಬರ್‌ನಲ್ಲಿ ದೊಡ್ಡ ಹಡಗಿನ ಮಾಮೂಲಿ ಸೀಟಿಗೆ ಅಷ್ಟು ಅವಸರ ಇರುವುದಿಲ್ಲ. ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಹಾಕಿ. ನಮ್ಮಲ್ಲಿ ಇನಿಷಿಯಲ್, ಅಪ್ಪನ ಹೆಸರು, ಊರಿನ ಹೆಸರು ಅಂತ ಇರುತ್ತಲ್ವಾ, ಅದನ್ನು ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ ಬರೆಯಬೇಡಿ. ಐದು ವರ್ಷದೊಳಗಿನ ಮಕ್ಕಳಿಗೆ ಸಾಮಾನ್ಯವಾಗಿ ದುಡ್ಡಿಲ್ಲ, ಆದರೆ ಅವರ ಹೆಸರಿನಲ್ಲೂ ಟಿಕೆಟ್ ಇರಬೇಕು.

ಸ್ಯಾಂಟೊರಿನಿ ಅಂತ ಹುಡುಕಿ ಬೋರ್ಡಿನಲ್ಲಿ ಸಿಗಲಿಲ್ಲ ಅಂದರೆ ಗಾಬರಿ ಬೇಡ, ಅದರ ಅಧಿಕೃತ ಹೆಸರು ಥೀರಾ. ವೇಳಾಪಟ್ಟಿಯಲ್ಲೂ ಹಡಗಿನ ಬೆನ್ನಿಗೆ ಇಳಿಬಿಟ್ಟ ಬೋರ್ಡಿನಲ್ಲೂ ಎಷ್ಟೋ ಸಲ ಹಾಗೇ ಇರುತ್ತದೆ. ಗ್ರೀಕ್ ಅಕ್ಷರ ಎರಡು ಮೂರು ಕಲಿತಿದ್ದರೆ ಬಹಳ ಅನುಕೂಲ. ಅವರ 'ಪ' ನೋಡಲು ಬಾಗಿಲ ಚೌಕಟ್ಟಿನ ಹಾಗೆ ಇರುತ್ತದೆ. ಆ ಚೌಕಟ್ಟಿನಿಂದ ಹೆಸರು ಶುರುವಾದರೆ ಪಾರೋಸ್ ಇರಬಹುದು. ಇಂಗ್ಲಿಷಿನ 'ಪಿ' ಥರ ಕಾಣುವುದು ಅವರಿಗೆ 'ರ'.

ಬಂದರು ಯಾವುದು ಅಂತ ಟಿಕೆಟಿನಲ್ಲಿ ಸರಿಯಾಗಿ ನೋಡಿ, ಯಾಕೆಂದರೆ ಅಥೆನ್ಸಿಗೆ ಮೂರು ಬಂದರು. ಪಿರೇಯಸ್ ದೊಡ್ಡದು. ರಫೀನಾ ವಿಮಾನ ನಿಲ್ದಾಣಕ್ಕೆ ಹತ್ತಿರ, ಅಲ್ಲಿಂದ ಆಂಡ್ರೋಸ್, ಟೀನೋಸ್, ಮೈಕೊನೊಸ್ ಕಡೆಗೆ. ಮೂರನೆಯದು ಲಾವ್ರಿಯೋ, ಕೇಯಾ, ಕಿಥ್ನೋಸ್ ಹೋಗುವವರಿಗೆ. ವಿಮಾನ ಇಳಿದು ಅವತ್ತೇ ಮೈಕೊನೊಸ್‌ಗೆ ಹೋಗುವ ಪ್ಲಾನ್ ಇದ್ದರೆ ರಫೀನಾ ಹಿಡಿಯಿರಿ, ಬಸ್ಸಿದೆ, ಸುಮ್ನೆ ಊರು ದಾಟಿಕೊಂಡು ಪಿರೇಯಸ್‌ಗೆ ಹೋಗುವುದು ಯಾಕೆ.

ಪಿರೇಯಸ್‌ಗೆ ಹೋಗುವುದು ಈಗ ಸುಲಭ. 2022ರಿಂದ ನೀಲಿ ಬಣ್ಣದ ಮೆಟ್ರೊ ವಿಮಾನ ನಿಲ್ದಾಣದಿಂದ ನೇರ ಬಂದರಿನ ತನಕ ಬರುತ್ತದೆ, ಸುಮಾರು ಒಂದು ಗಂಟೆ. ಮೆಟ್ರೊ ಇಲ್ಲದ ರಾತ್ರಿ ಹೊತ್ತಿನಲ್ಲಿ ಎಕ್ಸ್ 96 ಬಸ್ಸು. ಆದರೆ ಮೆಟ್ರೊ ಇಳಿದ ಕೂಡಲೇ ಹಡಗು ಎದುರಿಗೇ ನಿಂತಿರುತ್ತದೆ ಅಂದುಕೊಳ್ಳಬೇಡಿ. ಬಂದರಿಗೆ ಇ1ರಿಂದ ಇ12ರ ತನಕ ಗೇಟುಗಳಿವೆ. ಸೈಕ್ಲೇಡ್ಸ್ ಹಡಗುಗಳು ಹೆಚ್ಚಾಗಿ ಇ6, ಇ7ರ ಕಡೆ, ಅದು ಮೆಟ್ರೊಗೆ ಹತ್ತಿರ. ರೋಡ್ಸ್ ಕಡೆಯವು ಇ1ರಲ್ಲಿ, ಅದು ಸಾಕಷ್ಟು ದೂರ, ಒಳಗೆ ಪುಕ್ಕಟೆ ಬಸ್ಸು ಓಡುತ್ತದೆ. ಈಜಿನಾ, ಹೈಡ್ರಾದವು ಇ8ರಲ್ಲಿ. ಟಿಕೆಟಿನಲ್ಲಿರುವ ಗೇಟ್ ಕೊನೆ ಗಳಿಗೆಯಲ್ಲಿ ಬದಲಾಗಬಹುದು, ಮೆಸೇಜ್ ಬರುತ್ತದೆ, ಅದಕ್ಕೇ ಅಲ್ಲಿ ಕೆಲಸ ಮಾಡುವ ಫೋನ್ ನಂಬರನ್ನೇ ಕೊಟ್ಟಿರಿ. ಒಂದು ಗಂಟೆ ಮೊದಲೇ ಗೇಟಿನಲ್ಲಿರಿ. ಹಡಗು ಬರುವುದು ತಡ ಆಗಬಹುದು, ಹೊರಡುವಾಗ ಮಾತ್ರ ಯಾರಿಗೂ ಕಾಯುವುದಿಲ್ಲ.

ಹತ್ತುವುದು ಹಡಗಿನ ಹಿಂದಿನಿಂದ, ಲಾರಿಗಳು ಹೋಗುವ ಅದೇ ಕಬ್ಬಿಣದ ಇಳಿಜಾರಿನ ಮೇಲೆ. ಒಳಗೆ ಪಕ್ಕದಲ್ಲಿ ಲಗೇಜಿಗೆ ಕಪಾಟುಗಳಿರುತ್ತವೆ, ಒಂದೊಂದಕ್ಕೂ ಒಂದೊಂದು ದ್ವೀಪದ ಹೆಸರು. ನೀವು ಇಳಿಯುವ ಊರಿನ ಕಪಾಟಿನಲ್ಲೇ ದೊಡ್ಡ ಪೆಟ್ಟಿಗೆ ಇಡಿ. ಪಾಸ್‌ಪೋರ್ಟ್, ದುಡ್ಡು, ಮಾತ್ರೆ, ಒಂದು ಸ್ವೆಟರ್ ಮಾತ್ರ ಸಣ್ಣ ಚೀಲದಲ್ಲಿ ನಿಮ್ಮ ಜೊತೆಗೇ ಇರಲಿ. ಹಡಗು ಹೊರಟ ಮೇಲೆ ಕೆಳಗಿನ ಗ್ಯಾರೇಜಿಗೆ ಬಿಡುವುದಿಲ್ಲ. ಸ್ವೆಟರ್ ಯಾಕೆ ಅಂದರೆ ಒಳಗೆ ಎಸಿ ಕೊರೆಯುತ್ತದೆ, ಹೊರಗೆ ಗಾಳಿ.

ಸೀಟು ಯಾವ ಕಡೆ ಹಿಡಿಯಬೇಕು ಅನ್ನುವುದು ಹೋಗುವ ದಾರಿಯನ್ನು ಅವಲಂಬಿಸಿದೆ. ಪಿರೇಯಸ್ ಬಿಟ್ಟ ಮೇಲೆ ಎಡಗಡೆ ಇದ್ದರೆ ಸೂನಿಯೋ ಭೂಶಿರದ ತುದಿಯಲ್ಲಿ ಸಮುದ್ರದೇವ ಪೊಸೈಡನ್‌ನ ದೇವಸ್ಥಾನದ ಕಂಬಗಳು ದೂರದಲ್ಲಿ ಬೆಳ್ಳಗೆ ಕಾಣುತ್ತವೆ. ನಾಕ್ಸೋಸ್ ಬಂದರಿಗೆ ಬರುವಾಗಲೂ ಎಡಗಡೆಗೇ ನೋಡಿ. ಪೋರ್ತಾರಾ ಅಂತ, ಮುಗಿಯದೇ ಉಳಿದ ಅಪೊಲೊ ದೇವಸ್ಥಾನದ ಅಮೃತಶಿಲೆಯ ಬಾಗಿಲು, ಗೋಡೆ ಇಲ್ಲ, ಸೂರು ಇಲ್ಲ, ಬರೀ ಬಾಗಿಲ ಚೌಕಟ್ಟು. ಮೇಲೆ ಹೇಳಿದೆನಲ್ಲ, ಆ ಗ್ರೀಕ್ 'ಪ' ಅಕ್ಷರವನ್ನೇ ಯಾರೋ ಕಲ್ಲಿನಲ್ಲಿ ಬರೆದು ಸಮುದ್ರದ ದಂಡೆಗೆ ನಿಲ್ಲಿಸಿದ ಹಾಗೆ. ಸ್ಯಾಂಟೊರಿನಿಗೆ ಉತ್ತರದಿಂದ ಹೋಗುವ ಹಡಗಿನಲ್ಲೂ ಎಡಗಡೆಯೇ ಬೇಕು. ಇಯಾ, ಫಿರಾ ಊರುಗಳು ಕಡಿದಾದ ಬಂಡೆಯ ನೆತ್ತಿಯ ಮೇಲೆ ಸುಣ್ಣ ಚೆಲ್ಲಿದ ಹಾಗೆ ಕಾಣುತ್ತವೆ. ಅರ್ಧ ಗಂಟೆ ಮೊದಲೇ ಹೊರಗೆ ಹೋಗಿ ಕಟಕಟೆ ಹಿಡಿದು ನಿಂತುಬಿಡಿ.

ಇಳಿಯುವುದಕ್ಕೆ ತಯಾರಾಗಿರಬೇಕು. ಹಡಗು ದ್ವೀಪದಲ್ಲಿ ನಿಲ್ಲುವುದು ಕೆಲವೇ ನಿಮಿಷ. ಮೈಕಿನಲ್ಲಿ ಊರಿನ ಹೆಸರು ಕೇಳಿದ ತಕ್ಷಣ ಮೆಟ್ಟಿಲಿಳಿದು ಗ್ಯಾರೇಜಿನ ಬಾಗಿಲಿಗೆ ಬನ್ನಿ. ಅಮ್ಮನ ಜೊತೆ ನಾಕ್ಸೋಸಿನಲ್ಲಿ ಇಳಿದಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕತ್ತಲೆ ಗ್ಯಾರೇಜು, ಡೀಸೆಲ್ ವಾಸನೆ, ಲಾರಿಗಳ ನಡುವೆ ನೂರಾರು ಜನ ಪೆಟ್ಟಿಗೆ ಹಿಡಿದು ನಿಂತಿದ್ದಾರೆ. ಸರಪಳಿ ಕಿರಗುಟ್ಟಿತು, ಎದುರಿನ ಕಬ್ಬಿಣದ ಗೋಡೆ ಮೇಲುಗಡೆಯಿಂದ ನಿಧಾನಕ್ಕೆ ಬಿಚ್ಚಿಕೊಂಡಿತು, ಮೊದಲು ಒಂದು ಗೆರೆ ಬೆಳಕು, ಆಮೇಲೆ ಆಕಾಶ, ಆಮೇಲೆ ಇಡೀ ಊರು. ಅಮ್ಮ ಸೀರೆಯ ನೆರಿಗೆ ಒಂದು ಕೈಯಲ್ಲಿ ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ನನ್ನ ತೋಳು ಹಿಡಿದುಕೊಂಡಿದ್ದರು. ಹಡಗಿನ ಹುಡುಗನೊಬ್ಬ ಬಂದು ಅವರ ಚೀಲ ತಗೊಂಡು "ಸಿಗಾ, ಸಿಗಾ" ಅಂದ. ನಿಧಾನ, ನಿಧಾನ ಅಂತ. ನೀರು ಬಿದ್ದ ಕಬ್ಬಿಣ ಜಾರುತ್ತದೆ, ವಯಸ್ಸಾದವರು ಜೊತೆಗಿದ್ದರೆ ಹಿಡಿತ ಇರುವ ಚಪ್ಪಲಿ ಅಥವಾ ಶೂ ಹಾಕಿಸಿ, ಜನ ಖಾಲಿಯಾಗಲಿ ಅಂತ ಒಂದು ನಿಮಿಷ ಬಿಟ್ಟು ಇಳಿಯಿರಿ, ಆದರೆ ಬಾಗಿಲ ಹತ್ತಿರ ಮಾತ್ರ ಮೊದಲೇ ಬಂದು ನಿಂತಿರಿ. ಸ್ಯಾಂಟೊರಿನಿಯಲ್ಲಿ ಹಡಗು ನಿಲ್ಲುವ ಅಥಿನಿಯೋಸ್ ಬಂದರು ಬಂಡೆಯ ಬುಡದಲ್ಲಿದೆ, ಊರು ಮೇಲೆ. ನಡೆದು ಹೋಗುವ ಮಾತೇ ಇಲ್ಲ. ಬಸ್ಸು ಕಾಯುತ್ತಿರುತ್ತದೆ, ಇಲ್ಲವಾದರೆ ಹೋಟೆಲಿನವರಿಗೆ ಹೇಳಿ ಗಾಡಿ ತರಿಸಿಕೊಳ್ಳಿ.

ಇನ್ನು ಗಾಳಿ. ಜುಲೈ, ಆಗಸ್ಟ್‌ನಲ್ಲಿ ಏಜಿಯನ್ ಮೇಲೆ ಉತ್ತರದಿಂದ ಮೆಲ್ತೆಮಿ ಅನ್ನುವ ಗಾಳಿ ಬೀಸುತ್ತದೆ. ಆಕಾಶದಲ್ಲಿ ಒಂದು ಮೋಡ ಇರುವುದಿಲ್ಲ, ಬಿಸಿಲು ಸುರಿಯುತ್ತಿರುತ್ತದೆ, ಆದರೂ ಹಡಗು ಬಿಡುವುದಿಲ್ಲ. ಮಳೆ ಇಲ್ಲ, ಗುಡುಗಿಲ್ಲ, ಮತ್ತೆ ಯಾಕೆ ನಿಂತಿದೆ ಅಂತ ನಮಗೆ ಅರ್ಥವೇ ಆಗುವುದಿಲ್ಲ. ಗಾಳಿಯ ಬಲವನ್ನು ಅವರು ಬ್ಯೂಫೋರ್ಟ್ ಲೆಕ್ಕದಲ್ಲಿ ಹೇಳುತ್ತಾರೆ. 8 ಅಂದರೆ ಗಂಟೆಗೆ 62ರಿಂದ 74 ಕಿಲೋಮೀಟರ್ ವೇಗ. ಆ ಮಟ್ಟಕ್ಕೆ ಬಂದರೆ ದೊಡ್ಡ ಹಡಗುಗಳಿಗೂ ತಡೆ ಬೀಳುತ್ತದೆ, ಸಣ್ಣ ವೇಗದ ಹಡಗುಗಳಿಗೆ ಅದಕ್ಕೂ ಮೊದಲೇ. ಈ ತಡೆಗೆ ಅಪಗೊರೆಫ್ತಿಕೊ ಅಂತಾರೆ. ನಾಲಿಗೆ ತಿರುಗದಿದ್ದರೂ ಈ ಪದ ಕಿವಿಯಲ್ಲಿ ಇಟ್ಟುಕೊಳ್ಳಿ, ಬಂದರಿನಲ್ಲಿ ಜನ ಇದನ್ನೇ ಮಾತಾಡುತ್ತಿದ್ದರೆ ಅವತ್ತು ಪ್ರಯಾಣ ಇಲ್ಲ ಅಂತ ಅರ್ಥ. ಕಂಪನಿ ತನ್ನಿಷ್ಟಕ್ಕೆ ಹಾಕುವ ತಡೆ ಇದಲ್ಲ, ಬಂದರಿನ ಅಧಿಕಾರಿಗಳ ಆದೇಶ. ಕೌಂಟರಿನಲ್ಲಿ ಕೂಗಾಡಿದರೆ ಏನೂ ಆಗಲ್ಲ.

ಗೆಳೆಯರ ಜೊತೆ ಹೋದಾಗ ನಾವು ಹೀಗೇ ಎರಡು ದಿನ ನಾಕ್ಸೋಸಿನಲ್ಲಿ ಉಳಿದೆವು. ನಮ್ಮದು ವೇಗದ ಹಡಗು. ಬೆಳಗ್ಗೆ ಆರಕ್ಕೆ ರದ್ದು ಅಂತ ಮೆಸೇಜು. ಮಾರನೇ ದಿನ ಅಥೆನ್ಸಿನಿಂದ ವಿಮಾನ ಇತ್ತು, ಅದು ತಪ್ಪಿತು, ಹೊಸ ಟಿಕೆಟಿಗೆ ಒಬ್ಬೊಬ್ಬರಿಗೂ ಪ್ರವಾಸದ ಅರ್ಧ ಖರ್ಚು ಬಿತ್ತು. ಅವತ್ತೇ ಸಂಜೆ ಗಾಳಿ ಸ್ವಲ್ಪ ಇಳಿದಾಗ ದೊಡ್ಡ ಹಡಗು ಹೊರಟಿತು, ಅದರಲ್ಲಿ ಸೀಟು ಮುಗಿದಿತ್ತು. ಅಷ್ಟೊಂದು ದುಃಖ ಆಗಿತ್ತು ಅವತ್ತು. ಹಾಗಾಗಿ ರದ್ದಾದ ಮೆಸೇಜು ಬಂದ ಕೂಡಲೇ ಟಿಕೆಟ್ ಆಫೀಸಿಗೆ ಓಡಿ, ಮುಂದಿನ ದೊಡ್ಡ ಹಡಗಿಗೆ ಬದಲಿಸಿಕೊಳ್ಳಿ, ತಿಂಡಿ ಆಮೇಲೆ.

ನಿಮ್ಮ ಹಕ್ಕೂ ಗೊತ್ತಿರಲಿ. ಯುರೋಪಿಯನ್ ಯೂನಿಯನ್ನಿನ 2010ರ 1177ನೇ ನಿಯಮದ ಪ್ರಕಾರ ಹಡಗು ರದ್ದಾದರೆ ಅಥವಾ ಹೊರಡುವುದು 90 ನಿಮಿಷಕ್ಕಿಂತ ತಡ ಆಗುತ್ತದೆ ಅಂದರೆ, ಬೇರೆ ಹಡಗು ಬೇಕೋ ಟಿಕೆಟಿನ ದುಡ್ಡು ವಾಪಸ್ ಬೇಕೋ ಅಂತ ಆರಿಸುವುದು ನೀವು. ಹವಾಮಾನದಿಂದ ರದ್ದಾದರೂ ಇದು ಸಿಗುತ್ತದೆ. ಆದರೆ ಹೋಟೆಲ್ ಖರ್ಚು, ಹೆಚ್ಚುವರಿ ಪರಿಹಾರ ಇವೆಲ್ಲ ಹವಾಮಾನದ ಕಾರಣಕ್ಕೆ ಸಿಗುವುದಿಲ್ಲ. ತಪ್ಪಿದ ವಿಮಾನದ ದುಡ್ಡಂತೂ ಕೇಳಲೇಬೇಡಿ. ಟ್ರಾವೆಲ್ ಇನ್ಶೂರೆನ್ಸ್ ತಗೊಳ್ಳುವಾಗ ಇದು ಅದರಲ್ಲಿ ಬರುತ್ತದಾ ಅಂತ ವಿಚಾರಿಸಿ.

ಹಡಗು ಈಗ ಎಲ್ಲಿದೆ ಅಂತ ಮರೀನ್‌ಟ್ರಾಫಿಕ್ ಆ್ಯಪ್‌ನಲ್ಲಿ ಕಾಣುತ್ತದೆ. ಅದು ಹುಟ್ಟಿದ್ದೂ ಗ್ರೀಸಿನ ಏಜಿಯನ್ ವಿಶ್ವವಿದ್ಯಾಲಯದಲ್ಲೇ. ಹಡಗಿನ ಹೆಸರು ಹಾಕಿ ನೋಡಿ. ಇನ್ನೂ ಹಿಂದಿನ ದ್ವೀಪದಲ್ಲೇ ಇದ್ದರೆ ಬಿಸಿಲಲ್ಲಿ ಒಣಗುವ ಬದಲು ಬಂದರಿನ ಎದುರಿನ ಅಂಗಡಿಯಲ್ಲಿ ಕೂತು ಒಂದು ಫ್ರೆಡೊ ಕುಡಿಯಬಹುದು, ನೊರೆ ಬರಿಸಿದ ತಣ್ಣನೆ ಕಾಫಿ, ಬೇಸಿಗೆಯಲ್ಲಿ ಅಲ್ಲಿ ಎಲ್ಲರ ಕೈಯಲ್ಲೂ ಅದೇ.

ಊಟದ ವಿಷಯಕ್ಕೆ ಬರೋಣ, ಸಸ್ಯಾಹಾರಿಗಳು ಮೊದಲು ಕೇಳುವುದೇ ಇದನ್ನು. ದೊಡ್ಡ ಹಡಗಿನ ಕ್ಯಾಂಟೀನಿನಲ್ಲಿ ಪಾಲಕ್ ಮತ್ತು ಚೀಸ್ ತುಂಬಿದ ಸ್ಪಾನಕೋಪಿತಾ, ಬರೀ ಚೀಸಿನ ತಿರೋಪಿತಾ ಸಿಗುತ್ತವೆ, ಬಿಸಿ ಮಾಡಿ ಕೊಡುತ್ತಾರೆ. ಮೊಟ್ಟೆ ತಿನ್ನದವರು ಕೇಳಿ ತಗೊಳ್ಳಿ. ನಿಸ್ತೀಸಿಮೊ ಅನ್ನುವ ಪದ ಕಲಿತುಕೊಳ್ಳಿ. ಅವರ ಉಪವಾಸದ ದಿನದ ಅಡುಗೆ ಅಂತ ಅರ್ಥ, ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ, ಆದರೆ ಸಿಗಡಿ, ಏಡಿ ಥರದ್ದು ಇರಬಹುದು, ಅದನ್ನೊಂದು ಕೇಳಿಬಿಡಿ. ಅಮ್ಮ ಮನೆಯಿಂದ ಕೋಡುಬಳೆ, ಚಟ್ನಿಪುಡಿ ತಂದಿದ್ದರು, ಬಂದರಿನ ಬೇಕರಿಯ ಬ್ರೆಡ್ಡಿಗೆ ಟೊಮೆಟೊ ಹೆಚ್ಚಿ ಹಾಕಿ ಮೇಲೆ ಚಟ್ನಿಪುಡಿ ಉದುರಿಸಿಕೊಂಡು ತಿಂದೆವು, ಬಹಳ ಚೆನ್ನಾಗಿತ್ತು. ತುಪ್ಪ, ಪನೀರು ಥರದ್ದು ಮಾತ್ರ ತರಬೇಡಿ, ಹೊರಗಿನಿಂದ ಹಾಲಿನ ಪದಾರ್ಥ ತರುವುದಕ್ಕೆ ಯುರೋಪಿನಲ್ಲಿ ನಿಷೇಧ ಇದೆ. ವಾಂತಿ ಬರುವವರು ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೂತರೆ ಅಲುಗಾಟ ಕಡಿಮೆ. ಮಾತ್ರೆಯನ್ನು ಇಲ್ಲೇ ಡಾಕ್ಟರನ್ನು ಕೇಳಿ ತಗೊಂಡು ಹೋಗಿ, ಹಡಗು ಹೊರಡುವ ಮೊದಲೇ ನುಂಗಿ. ಹೊಟ್ಟೆ ತೊಳಸಲು ಶುರುವಾದ ಮೇಲೆ ಅದು ಕೆಲಸ ಮಾಡುವುದು ಕಷ್ಟ.

ದಿನಾಂಕ ಆರಿಸುವಾಗ ಎರಡು ದಿನ ಬಿಟ್ಟುಬಿಡಿ. ಮೇ 1, ಕಾರ್ಮಿಕರ ದಿನ, ಹಡಗಿನವರು ಸಾಮಾನ್ಯವಾಗಿ ಮುಷ್ಕರ ಮಾಡುತ್ತಾರೆ. ಇನ್ನೊಂದು ಆಗಸ್ಟ್ 15, ಮೇರಿ ಮಾತೆಯ ಹಬ್ಬ. ಅವತ್ತು ಟೀನೋಸ್ ದ್ವೀಪಕ್ಕೆ ದೇಶದ ಎಲ್ಲ ಕಡೆಯಿಂದ ಭಕ್ತರು ಬರುತ್ತಾರೆ, ಹಡಗಿಳಿದು ಮೇಲಿನ ಚರ್ಚಿನ ತನಕ ಮೊಣಕಾಲಿನಲ್ಲೇ ತೆವಳಿಕೊಂಡು ಹೋಗುವವರಿದ್ದಾರೆ, ಅವರಿಗಾಗಿ ರಸ್ತೆಯ ಅಂಚಿಗೆ ಉದ್ದಕ್ಕೂ ಹಾಸು ಹಾಕಿರುತ್ತಾರೆ. ಅದನ್ನು ನೋಡಲೆಂದೇ ಹೋಗುವುದಾದರೆ ಬಹಳ ಮೊದಲೇ ಟಿಕೆಟ್ ಮಾಡಿಸಿ. ಇಲ್ಲವಾದರೆ ಆ ವಾರ ಹಡಗಿನ ಸಹವಾಸ ಬೇಡ.

ಕಾರು ಬಾಡಿಗೆಗೆ ತಗೊಳ್ಳುವವರು ದ್ವೀಪದಲ್ಲಿ ಇಳಿದ ಮೇಲೆ ತಗೊಳ್ಳಿ, ಹಡಗಿನಲ್ಲಿ ಸಾಗಿಸುವುದು ದುಬಾರಿ, ಬಾಡಿಗೆ ಕೊಟ್ಟವರೂ ಸಾಮಾನ್ಯವಾಗಿ ಒಪ್ಪುವುದಿಲ್ಲ. ನಮ್ಮ ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡೇ ಹೋಗಿ.

ವೀಸಾ ವಿಷಯದಲ್ಲಿ ಒಂದೇ ಎಚ್ಚರಿಕೆ. ಗ್ರೀಸ್ ಷೆಂಗೆನ್ ದೇಶ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನದು, ದ್ವೀಪದಿಂದ ದ್ವೀಪಕ್ಕೆ ಹೋಗುವಾಗ ಯಾವ ಮುದ್ರೆಯೂ ಬೇಡ. ಆದರೆ ರೋಡ್ಸ್, ಕೋಸ್, ಸಾಮೋಸ್‌ನಿಂದ ಎದುರಿಗೇ ಟರ್ಕಿ ಕಾಣುತ್ತದೆ, ದೋಣಿಯೂ ಹೋಗುತ್ತದೆ, ಒಂದು ದಿನ ಹೋಗಿ ಬರೋಣ ಅನ್ನಿಸುತ್ತದೆ. ನಿಮ್ಮ ವೀಸಾ ಸಿಂಗಲ್ ಎಂಟ್ರಿ ಆಗಿದ್ದರೆ ಆ ದೋಣಿ ಹತ್ತಬೇಡಿ. ಗ್ರೀಸ್ ಬಿಟ್ಟರೆ ವೀಸಾ ಮುಗಿಯಿತು, ವಾಪಸ್ ಒಳಗೆ ಬಿಡುವುದಿಲ್ಲ. ಟರ್ಕಿಗೆ ಹೋಗಲು ಅದರ ವೀಸಾ ಬೇರೆಯೇ ಬೇಕು.

ಕೊನೆಯ ರಾತ್ರಿ ಅಥೆನ್ಸಿನಲ್ಲೇ ಕಳೆಯಿರಿ. ಮನೆಗೆ ಹೊರಡುವ ವಿಮಾನ ಮತ್ತು ಕೊನೆಯ ಹಡಗು ಒಂದೇ ದಿನ ಯಾವತ್ತೂ ಬೇಡ, ಬೇಸಿಗೆಯ ಗಾಳಿ ತಿಂಗಳಾದರೆ ಎರಡು ರಾತ್ರಿ ಇಟ್ಟುಕೊಳ್ಳಿ. ಅಮ್ಮನ ಜೊತೆ ಹೋದಾಗ ನಾನು ಹಾಗೇ ಮಾಡಿದ್ದೆ. ಹಡಗು ಹೊತ್ತಿಗೆ ಸರಿಯಾಗಿ ಬಂತು, ಕೈಯಲ್ಲಿ ಒಂದು ಪೂರ್ತಿ ದಿನ ಉಳಿಯಿತು, ಬೆಳಗ್ಗೆ ಬಿಸಿಲೇರುವ ಮೊದಲು ಅಕ್ರೊಪೊಲಿಸ್ ಎಂಬ ಪುರಾತನ ಕೋಟೆಬೆಟ್ಟ ಹತ್ತಿದೆವು. ಆಕಾಶ ತಿಳಿಯಾಗಿತ್ತು. ಮೇಲಿನಿಂದ ಪಿರೇಯಸ್ ಕಡೆಯ ಸಮುದ್ರ ಕಾಣುತ್ತಿತ್ತು, ಅದರ ಮೇಲೆ ಹಡಗೊಂದು ದ್ವೀಪಗಳ ಕಡೆಗೆ ಹೊರಟಿತ್ತು. ಅಮ್ಮ ಕಟ್ಟೆಯ ಮೇಲೆ ಕೂತು ಅದು ಮರೆಯಾಗುವ ತನಕ ನೋಡಿದರು.